ಒಂಬತ್ತು ಕೆಂಪು ಬಾಣಗಳು

ಜೂನ್ 8

ನನ್ನ ಕಿವಿಗೆ,

ನಿನ್ನೆ ಪದವಿಯ ಹಾಳೆ ಕೈಗೆ ಬಂತು. ದಪ್ಪ ಕಾಗದ, ಅಂಚಿಗೆ ನೀಲಿ ಗೆರೆ. ವೇದಿಕೆಯಿಂದ ಹೆಸರು ಕೂಗುತ್ತಿದ್ದರು. ನನಗೆ ಕೇಳಿಸುವುದಿಲ್ಲವೆಂದು ಮುಂದಿನ ಸಾಲಿನ ಹುಡುಗಿ ತಿರುಗಿ ತಿರುಗಿ ನೋಡಿ ಸನ್ನೆ ಮಾಡುತ್ತಿದ್ದಳು. ನನ್ನ ಸರದಿ ಬಂದಾಗ ಇಡೀ ತರಗತಿ ಎದ್ದು ನಿಂತು ಎರಡೂ ಕೈ ಎತ್ತಿ ಬೀಸಿತು. ಚಪ್ಪಾಳೆ ಕೇಳಿಸದವಳಿಗೆ ಹೀಗೆ ಕೈ ಬೀಸಬೇಕು ಎಂದು ಆ ಮಕ್ಕಳಿಗೆ ಯಾರು ಹೇಳಿಕೊಟ್ಟರೋ. ನಾಲ್ಕು ವರ್ಷ ಸಂಜೆ ಕಾಲೇಜಿನಲ್ಲಿ ನನ್ನನ್ನು ‘ಹೆಡ್‌ಮಾಸ್ಟ್ರು’ ಎಂದು ಆಡಿಕೊಂಡ ಮಕ್ಕಳೇ.

ನಿನ್ನ ದೊಡ್ಡಮ್ಮ ಕೆಳಗಿನ ಮನೆಯಿಂದ ಹತ್ತಿ ಬಂದು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ನಲವತ್ತೇಳಕ್ಕೆ ಡಿಗ್ರಿ ಬಂತು. ಇನ್ನು ಅರವತ್ತಕ್ಕೆ ಹಾಲುಹಲ್ಲೂ ಬರುತ್ತೆ ಬಿಡು,” ಎಂದಳು. ಹಾಗೆಂದವಳೇ ಚೌಕಟ್ಟು ಹಾಕಿಸಲು ದಾರದಿಂದ ಅದರ ಅಳತೆ ತೆಗೆದುಕೊಂಡು ಹೋದಳು.

ಇನ್ನೊಂದು ಸುದ್ದಿ. ಫ್ಯಾಕ್ಟರಿಯಲ್ಲಿ ನೋಟಿಸು ಅಂಟಿಸಿದ್ದಾರೆ. ಡಿಸೆಂಬರಿನಿಂದ ಅಂಗಿಗಳ ತಪ್ಪು ನೋಡುವ ಕೆಲಸಕ್ಕೆ ಕ್ಯಾಮೆರಾ ಬರುತ್ತದಂತೆ. ಚೆಕಿಂಗ್ ಟೇಬಲ್ಲಿನ ನಮ್ಮನ್ನೆಲ್ಲ ಪ್ಯಾಕಿಂಗ್‌ಗೆ ಹಾಕುತ್ತಾರೆ. ಮಗ್ಗದ ಶೆಡ್ಡಿನ ಸದ್ದು ನನ್ನ ಕಿವಿ ತೆಗೆದುಕೊಂಡಾಗ ಕಣ್ಣಾದರೂ ಉಳಿಯಿತಲ್ಲ ಎಂದುಕೊಂಡಿದ್ದೆ. ಆ ಕಣ್ಣಿನಿಂದ ಹದಿನಾರು ವರ್ಷ ಅಂಗಿಯ ಒಳಮೈ ಹೊರಗೆ ಮಾಡಿ, ತಪ್ಪಿದ ಹೊಲಿಗೆಯ ಪಕ್ಕದಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುತ್ತ ಬಂದೆ. ಪ್ಯಾಕಿಂಗ್‌ನಲ್ಲಿ ಕಣ್ಣಿಗೆ ಕೆಲಸವೇ ಇಲ್ಲ. ಆದ್ದರಿಂದ ಡಿಸೆಂಬರಿನೊಳಗೆ ಯಾವುದಾದರೂ ಕಂಪ್ಯೂಟರ್ ಕಂಪನಿಗೆ ಸೇರಬೇಕು. ಅಲ್ಲಿಯೂ ತಪ್ಪು ಹುಡುಕುವ ಕೆಲಸವಿದೆ, ಟೆಸ್ಟಿಂಗ್ ಎನ್ನುತ್ತಾರೆ.

ಅರ್ಜಿಗಳಲ್ಲಿ ಫೋನ್ ನಂಬರ್ ತುಂಬದೆ ಮುಂದೆ ಹೋಗಲು ಬಿಡುವುದಿಲ್ಲ. ಎಂದಿನಂತೆ ನಿನ್ನದೇ ಕೊಟ್ಟಿದ್ದೇನೆ. ನನ್ನ ಫೋನುಗಳೆಲ್ಲ ನಿನಗೇ ಬರುವುದು ಇಂದಿನ ಪದ್ಧತಿಯಲ್ಲವಲ್ಲ. ಎಂಟನೇ ಕ್ಲಾಸಿನಲ್ಲಿ ನಿನ್ನ ಮೇಲಿನ ದೂರನ್ನು ನೀನೇ ಫೋನಿನಲ್ಲಿ ಕೇಳಿ, ನನಗೆ “ಚೆನ್ನಾಗಿ ಓದ್ತಾಳಂತೆ” ಎಂದು ಹೇಳಿದವಳು ನೀನು.

ಮೆಸೇಜಿನಲ್ಲಿ ಊಟವಾಯಿತಾ ಎಂದು ಕೇಳಿದರೆ ಹೆಬ್ಬೆರಳಿನ ಚಿತ್ರ ಕಳಿಸುತ್ತೀಯ. ಹೆಬ್ಬೆರಳು ನೋಡಿದರೆ ಮಗಳ ಮುಖ ತಿಳಿಯುವುದಿಲ್ಲ. ಕಾಗದ ಬರೆ.

ನಿನ್ನ ಅಮ್ಮ


ಜೂನ್ 19

ಅಮ್ಮಾ,

ನಿನ್ನ ಕಾಗದವನ್ನು ಲ್ಯಾಬಿನಲ್ಲಿ ಓದಿದೆ. ಲ್ಯಾಬೆಂದರೆ ತಗಡಿನ ಕೋಣೆ, ಒಂದು ನೀರಿನ ತೊಟ್ಟಿ, ಒಂದು ಒಡೆಯುವ ಯಂತ್ರ. ಹಾಳೆಯ ಮೇಲೆ ಸಿಮೆಂಟಿನ ಬೆರಳಚ್ಚು ಬಿದ್ದಿದೆ. ನೀನು ಬೈಯುತ್ತೀಯೆಂದು ಒರೆಸಲು ಹೋಗಿ ಇನ್ನೂ ಹರಡಿಸಿದೆ.

ನಾವು ಕಟ್ಟುತ್ತಿರುವ ಸೇತುವೆಯ ಮೇಲಿದ್ದವರಿಗೆಲ್ಲ ಹೇಳಿಕೊಂಡು ಬಂದೆ, ನನ್ನಮ್ಮ ಗ್ರ್ಯಾಜುಯೇಟ್ ಅಂತ. ಕ್ರೇನ್ ನಡೆಸುವವರು ಮೇಲಿನಿಂದಲೇ ಕೂಗಿ ಹೇಳಿದರು, “ಮೇಡಂ, ಅಮ್ಮಂದಿರು ಮಕ್ಕಳ ವಿಷಯ ಹೀಗೆ ಹೇಳ್ಕೊಂಡು ತಿರುಗೋದು ನೋಡಿದೀನಿ. ನಿಮ್ಮನೇಲಿ ಎಲ್ಲಾ ಉಲ್ಟಾ.”

ಇಲ್ಲಿ ಒಂದು ಜಗಳವಾಯಿತು. ಪ್ರತಿ ಕಂಬಕ್ಕೆ ಸುರಿಯುವ ಕಾಂಕ್ರೀಟಿನಲ್ಲೇ ಸ್ವಲ್ಪ ತೆಗೆದು ಅಚ್ಚಿನಲ್ಲಿ ತುಂಬಿ ಕ್ಯೂಬ್ ಮಾಡಿ ನೀರಿನಲ್ಲಿಡುತ್ತೇನೆ ಎಂದು ಹೇಳಿದ್ದೆನಲ್ಲ. ಏಳನೇ ದಿನ ಕೆಲವನ್ನು, ಇಪ್ಪತ್ತೆಂಟನೇ ದಿನ ಉಳಿದವನ್ನು ಯಂತ್ರದಲ್ಲಿಟ್ಟು ಒಡೆಯುತ್ತೇನೆ. ಎಷ್ಟು ಭಾರಕ್ಕೆ ಒಡೆಯಿತೋ ಅಷ್ಟು ಕಂಬದ ಬಲ. ಆರನೇ ಕಂಬದ ಕ್ಯೂಬುಗಳನ್ನು ಮೇಸ್ತ್ರಿ ಬದಲಾಯಿಸಿಬಿಟ್ಟಿದ್ದ. ಬೇರೆ ಕಡೆ ಚೆನ್ನಾಗಿ ಕಲಸಿ ಮಾಡಿದ್ದನ್ನು ತಂದು ತೊಟ್ಟಿಯಲ್ಲಿಟ್ಟಿದ್ದ. ಬಣ್ಣದಲ್ಲೇ ಗೊತ್ತಾಯಿತು. “ಕಂಬ ಗಟ್ಟಿಯಾಗೇ ಇದೆ ಮೇಡಂ, ಯಾಕೆ ತಲೆನೋವು ಅಂತ,” ಎಂದ. ಗಟ್ಟಿಯಾಗಿದ್ದರೆ ಅದರದ್ದೇ ಕ್ಯೂಬು ಹೇಳಲಿ ಎಂದೆ. ಇಡೀ ಗುಂಪು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿತ್ತು. ನಾನು ನಿನ್ನ ಮಗಳು, ಮಾತಿಲ್ಲದೆ ಇರುವುದು ನನಗೆ ಕಷ್ಟವಲ್ಲ.

ಕ್ಯಾಂಪಿನಲ್ಲಿ ಸಿಗ್ನಲ್ ಇಲ್ಲ. ಆದರೆ ಹಗಲೆಲ್ಲ ಕಂಬದ ಮೇಲಿನ ಅಟ್ಟಣಿಗೆಯಲ್ಲೇ ಇರುತ್ತೇನೆ, ಅಲ್ಲಿ ಸಿಗುತ್ತದೆ. ನಿನ್ನ ಕಂಪನಿಗಳು ಧಾರಾಳವಾಗಿ ಫೋನ್ ಮಾಡಲಿ.

ನಿನ್ನ ಕಿವಿ


ಜುಲೈ 13

ನನ್ನ ಕಿವಿಗೆ,

ಇಲ್ಲಿಯವರೆಗೆ ಇಪ್ಪತ್ತಾರು ಅರ್ಜಿ ಹಾಕಿದ್ದೇನೆ. ಒಂದು ಕಡೆ ಅನುಭವ ಎಷ್ಟು ವರ್ಷ ಎಂದು ಕೇಳಿದರು, ಹದಿನಾರು ಎಂದು ಬರೆದೆ. ಹೊಸಬರಿಗೆ ಮಾತ್ರ ಎಂದು ಉತ್ತರ ಬಂತು. ಇನ್ನೊಂದು ಕಡೆ ಸೊನ್ನೆ ಎಂದು ಬರೆದೆ. ಅನುಭವವಿದ್ದವರು ಬೇಕು ಎಂದರು. ಅತ್ತ ದರಿ ಇತ್ತ ಪುಲಿ ಎನ್ನುವುದನ್ನು ಇಷ್ಟು ದಿನ ಗಾದೆ ಎಂದುಕೊಂಡಿದ್ದೆ, ಅರ್ಜಿ ನಮೂನೆ ಎಂದು ಈಗ ಗೊತ್ತಾಯಿತು.

ಮೂರು ಕಂಪನಿಗಳು ಕಂಪ್ಯೂಟರಿನಲ್ಲೇ ಪರೀಕ್ಷೆ ಕೊಟ್ಟವು. ಮೂರನ್ನೂ ಚೆನ್ನಾಗಿ ಮಾಡಿದೆ. ಒಂದರಲ್ಲಿ ಪ್ರಶ್ನೆಯೇ ತಪ್ಪಾಗಿತ್ತು, ಅದನ್ನೂ ಬರೆದೆ. ಮೂವರೂ ಫೋನ್ ಮಾಡುತ್ತೇವೆ ಎಂದಿದ್ದಾರೆ. ಬಂತಾ?

ಮುಂದಿನ ಸಾಲಿನ ಹುಡುಗಿಗೆ ಕೆಲಸ ಸಿಕ್ಕಿತು. ಹೇಳಲು ಮನೆಯವರೆಗೂ ಬಂದಳು. ನಾಲ್ಕು ವರ್ಷ ನನ್ನ ಟಿಪ್ಪಣಿ ನೋಡಿ ಬರೆದುಕೊಂಡವಳು, ನನಗೆ ನಿಜವಾಗಿ ಸಂತೋಷವಾಯಿತು. ಅವಳು ಹೋದ ಮೇಲೆ ಪಾತ್ರೆ ತೊಳೆಯಲು ನಿಂತೆ. ಎಷ್ಟು ಸದ್ದಾಯಿತೆಂದು ನನಗೇನು ಗೊತ್ತು? ನಿನ್ನ ದೊಡ್ಡಮ್ಮ ಹತ್ತಿ ಬಂದು, ನನ್ನ ಕೈಯಿಂದ ತಟ್ಟೆ ಕಿತ್ತಿಟ್ಟು, “ಯಾರ ಮೇಲೆ ಸಿಟ್ಟು?” ಎಂದಳು.

ಫೋನಿನ ವಿಷಯ ಮರೆಯದೆ ಬರೆ.

ನಿನ್ನ ಅಮ್ಮ


ಜುಲೈ 25

ಅಮ್ಮಾ,

ನೀನು ಕಾಯುವಂಥ ಫೋನು ಯಾವುದೂ ಬಂದಿಲ್ಲ.

ಇಲ್ಲಿ ಗಾಳಿ ಜೋರು. ಏಳನೇ ಕಂಬದ ಕೆಲಸ ನಿಧಾನವಾಗಿದೆ.

ಒಂದು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಅರ್ಜಿಯಲ್ಲಿ ಕಿವಿಯ ವಿಷಯ ಬರೆಯುತ್ತಿದ್ದೀಯಾ?

ನಿನ್ನ ಕಿವಿ


ಆಗಸ್ಟ್ 9

ನನ್ನ ಕಿವಿಗೆ,

ಕೋಪವೇನೂ ಇಲ್ಲ. ಬರೆಯುತ್ತಿಲ್ಲ. ಬರೆಯಲು ಜಾಗವೂ ಕೊಟ್ಟಿಲ್ಲ. ಎದುರಿಗೆ ಕೂತವರ ತುಟಿ ನೋಡಿ ನಾನು ಮಾತು ತಿಳಿಯುತ್ತೇನೆ. ಮಗ್ಗದ ಶೆಡ್ಡಿನಲ್ಲಿ ಹನ್ನೊಂದು ವರ್ಷ ನಾವೆಲ್ಲ ಹಾಗೇ ಹರಟಿದ್ದು, ಆ ಸದ್ದಿನಲ್ಲಿ ಕಿವಿ ಇದ್ದವರಿಗೂ ಇಲ್ಲದವರಿಗೂ ಭೇದವೇ ಇರಲಿಲ್ಲ. ಒಂದು ಸಲ ಎದುರಿಗೆ ಕೂರಿಸಿಕೊಳ್ಳಲಿ, ಆಮೇಲೆ ನಾನೇ ಹೇಳುತ್ತೇನೆ.

ಫ್ಯಾಕ್ಟರಿಗೆ ಕ್ಯಾಮೆರಾ ಈಗಲೇ ಬಂತು. ಡಿಸೆಂಬರಿನೊಳಗೆ ಅದಕ್ಕೆ ತಪ್ಪು ಯಾವುದು ಸರಿ ಯಾವುದು ಎಂದು ಕಲಿಸಬೇಕಂತೆ. ಕಲಿಸಲು ಮ್ಯಾನೇಜರು ಆರಿಸಿದ್ದು ನನ್ನನ್ನು. ದಿನಕ್ಕೆ ಎರಡು ಗಂಟೆ ಅದರ ಮುಂದೆ ನಿಂತು ಬಿಟ್ಟುಹೋದ ಹೊಲಿಗೆ, ಕಾಲರಿನೊಳಗೆ ಸಿಕ್ಕಿದ ದಾರ, ಅರ್ಧ ಮಿಲಿಮೀಟರ್ ಸರಿದ ಗುಂಡಿ, ಎಲ್ಲ ತೋರಿಸುತ್ತೇನೆ. ಒಳ್ಳೆಯ ವಿದ್ಯಾರ್ಥಿ, ಒಮ್ಮೆ ಹೇಳಿದ್ದನ್ನು ಮರೆಯುವುದಿಲ್ಲ. ಪಕ್ಕದ ಟೇಬಲ್ಲಿನವಳು ನನ್ನ ಮುಂದೆ ಬಂದು ನಿಂತು ತುಟಿ ದೊಡ್ಡದು ಮಾಡಿ ಹೇಳಿದಳು, “ಅಕ್ಕಾ, ನೀವು ಕೂತಿರೋ ಕೊಂಬೇನ ನೀವೇ ಕಡೀತಿದೀರಿ.” ಹೌದು, ಆದರೆ ತಪ್ಪಾಗಿ ಕಲಿಸಲು ನನ್ನ ಕೈ ಬರುವುದಿಲ್ಲ.

ಇನ್ನು ಹತ್ತು ಅರ್ಜಿ ಹಾಕುತ್ತೇನೆ. ಅಷ್ಟರಲ್ಲಿ ಯಾರೂ ಕರೆಯದಿದ್ದರೆ ನಿಲ್ಲಿಸಿಬಿಡುತ್ತೇನೆ. ಪ್ಯಾಕಿಂಗ್ ಮಾಡುವವರೂ ಮನುಷ್ಯರೇ. ಪದವಿಯ ಹಾಳೆ ಗೋಡೆಯ ಮೇಲೆ ಚೆನ್ನಾಗಿ ಕಾಣುತ್ತದೆ. ನಿನ್ನ ದೊಡ್ಡಮ್ಮ ಬಂದವರಿಗೆಲ್ಲ ತೋರಿಸುತ್ತಾಳೆ.

ನಿನ್ನ ಅಮ್ಮ


ಆಗಸ್ಟ್ 21

ಅಮ್ಮಾ,

ಅರ್ಜಿ ನಿಲ್ಲಿಸಬೇಡ. ಫೋನ್ ಬಂತು!

ಆಸ್ಪತ್ರೆಗಳಲ್ಲಿ ರೋಗಿಗಳು ಹೆಸರು ನೋಂದಾಯಿಸುವ ಪ್ರೋಗ್ರಾಮು ಮಾಡುವ ಸಣ್ಣ ಕಂಪನಿ. ಒಟ್ಟು ಹದಿನೆಂಟು ಜನ. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಂತೆ. ವಿಳಾಸ ಹಿಂದೆ ಬರೆದಿದ್ದೇನೆ. ಮೊದಲ ಸುತ್ತು ಆಯಿತು, ನೀನು ಪಾಸು. ಸೆಪ್ಟೆಂಬರ್ 2, ಹನ್ನೊಂದು ಗಂಟೆಗೆ ಎದುರಿಗೆ ಬರಲು ಹೇಳಿದ್ದಾರೆ. ವಿವರವೆಲ್ಲ ನಾನು ಬಂದಾಗ ಹೇಳುತ್ತೇನೆ. ನೀನು ಈಗ ಅದನ್ನೆಲ್ಲ ಕೇಳುತ್ತ ಕೂರಬೇಡ, ಹೋಗಿ ಬಾ.

ಆ ಹಳೆಯ ಬೂದು ಅಂಗಿ ಬೇಡ, ನೀಲಿಯದು ಹಾಕಿಕೋ. ಅವರು ಏನು ಕೇಳಿದರೂ ನಿನಗೆ ಗೊತ್ತಿರುವುದನ್ನೇ ಕೇಳುತ್ತಾರೆ.

ನಿನ್ನ ಕಿವಿ


ಸೆಪ್ಟೆಂಬರ್ 3

ನಿನ್ನೆ ಹೋಗಿದ್ದೆ.

ನೀಲಿ ಅಂಗಿಯನ್ನೇ ಹಾಕಿಕೊಂಡಿದ್ದೆ. ನಲವತ್ತು ನಿಮಿಷ ಕಾಯಿಸಿದರು. ಬಾಗಿಲ ಬಳಿ ಅವರ ಪ್ರೋಗ್ರಾಮನ್ನು ಬಂದವರು ಮುಟ್ಟಿ ನೋಡಲೆಂದು ಆಳೆತ್ತರದ ಕಂಪ್ಯೂಟರ್ ಪರದೆ ಇಟ್ಟಿದ್ದರು. ಕಾಯುತ್ತ ಅದರಲ್ಲಿ ನನ್ನನ್ನೇ ರೋಗಿಯೆಂದು ನೋಂದಾಯಿಸಿಕೊಂಡೆ. ಕೈ ಸುಮ್ಮನಿರುವುದಿಲ್ಲವಲ್ಲ.

ಒಳಗೆ ಇಬ್ಬರಿದ್ದರು. ತಂಡದ ಮುಖ್ಯಸ್ಥೆ, ನಿನಗಿಂತ ಐದಾರು ವರ್ಷ ದೊಡ್ಡವಳಿರಬೇಕು, ತುಟಿ ಸ್ಪಷ್ಟ. ಇನ್ನೊಬ್ಬ ಗಡ್ಡದವನು. ಗಡ್ಡದವರ ಮಾತು ನನಗೆ ಪೊದೆಯೊಳಗಿನ ಹಕ್ಕಿ, ಅಲುಗುವುದಷ್ಟೇ ಕಾಣುತ್ತದೆ. ಆದ್ದರಿಂದ ಅವಳನ್ನೇ ನೋಡುತ್ತಿದ್ದೆ. ಅವಳು ನಕ್ಕು ಹೇಳಿದಳು, “ಫೋನಲ್ಲಿ ನೀವು ಹೇಳಿದ್ದು ನಮಗೆ ತುಂಬಾ ಹಿಡಿಸ್ತು. ಏಳನೇ ದಿನ ಗಟ್ಟಿ ಕಂಡಿದ್ದನ್ನ ನಂಬಬೇಡಿ, ಇಪ್ಪತ್ತೆಂಟನೇ ದಿನ ಒಡೆದು ನೋಡಿ ಅಂದ್ರಲ್ಲ.”

ತುಟಿ ತಪ್ಪಾಗಿ ಓದಿದೆನೇನೋ ಎಂದು ಇನ್ನೊಮ್ಮೆ ಹೇಳಿಸಿದೆ. ಅದನ್ನೇ ಹೇಳಿದಳು.

“ಫೋನಿನಲ್ಲಿ ಮಾತಾಡಿದ್ದು ನಾನಲ್ಲ. ನನ್ನ ಮಗಳು. ನನಗೆ ಫೋನ್ ಕೇಳಿಸುವುದಿಲ್ಲ,” ಎಂದೆ. ಎದ್ದು ಬಂದುಬಿಟ್ಟೆ. ಹಿಂದಿನಿಂದ ಏನಾದರೂ ಅಂದರೋ ಏನೋ. ನಾನು ತಿರುಗಿ ನಡೆದ ಮೇಲೆ ನನ್ನ ಬೆನ್ನಿಗೆ ಲೋಕವಿಲ್ಲ.

ನಿನ್ನ ಆರನೇ ಕಂಬದ ಮೇಸ್ತ್ರಿ ಮಾಡಿದ್ದೇನು? ಒಳ್ಳೆಯ ಕ್ಯೂಬು ತಂದಿಟ್ಟು ಕಂಬವನ್ನು ಪಾಸು ಮಾಡಲು ಹೊರಟ. ಕಂಬ ಗಟ್ಟಿಯಾಗೇ ಇದೆ, ಯಾಕೆ ತಲೆನೋವು ಎಂದ. ನೀನು ಅವನಿಗೆ ಹೇಳಿದ ಮಾತನ್ನು ಹೆಮ್ಮೆಯಿಂದ ನಾಲ್ಕು ಸಲ ಓದಿಕೊಂಡಿದ್ದೆ. ನನ್ನ ವಿಷಯಕ್ಕೆ ಬಂದಾಗ ಆ ಮಾತು ಎಲ್ಲಿ ಹೋಯಿತು? ಅಮ್ಮ ಗಟ್ಟಿಯಿಲ್ಲ ಎಂದು ತಾನೇ ನಿನ್ನ ಎಣಿಕೆ?

ಸೋತಿದ್ದರೆ ಆ ಸೋಲಾದರೂ ನನ್ನದಾಗಿರುತ್ತಿತ್ತು.

ಅಮ್ಮ


ಸೆಪ್ಟೆಂಬರ್ 9

ಅಮ್ಮಾ,

ತಪ್ಪಾಯಿತು.

ಇದಕ್ಕಿಂತ ಹೆಚ್ಚು ಬರೆಯಲು ಕೂತ ನಾಲ್ಕು ಹಾಳೆಗಳನ್ನು ಹರಿದು ಹಾಕಿದೆ. ಏನೆಂದು ಸಹಿ ಮಾಡಲಿ ಎಂಬುದೂ ಗೊತ್ತಾಗುತ್ತಿಲ್ಲ.


ಸೆಪ್ಟೆಂಬರ್ 22

ಅಮ್ಮಾ,

ನೀನು ಬರೆಯಲಿಲ್ಲ. ದೊಡ್ಡಮ್ಮನಿಗೆ ಫೋನ್ ಮಾಡಿದ್ದೆ. “ನಿಮ್ಮಮ್ಮ ದಿನಾ ಫ್ಯಾಕ್ಟರಿಗೆ ಹೋಗ್ತಾಳೆ, ಬರ್ತಾಳೆ. ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿಟ್ಟಿದಾಳೆ,” ಎಂದರು. ಆದ್ದರಿಂದ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ, ಓದುವುದು ಬಿಡುವುದು ನಿನಗೆ ಸೇರಿದ್ದು.

ಜುಲೈಯಲ್ಲಿ ಫೋನು ಬಂದಿತ್ತು. ಒಂದಲ್ಲ, ಮೂರು. ನೀನು ಪರೀಕ್ಷೆ ಬರೆದ ಆ ಮೂರೂ ಕಂಪನಿಗಳು. ಮೂರು ಸಲವೂ ನಿಜ ಹೇಳಿದೆ. ನಾನು ಅವರ ಮಗಳು, ಅಮ್ಮನಿಗೆ ಫೋನ್ ಕೇಳಿಸೋದಿಲ್ಲ, ದಯವಿಟ್ಟು ಬರೆದು ಕೇಳಿ ಅಥವಾ ಎದುರಿಗೆ ಕರೆಯಿರಿ ಎಂದೆ. ಮೊದಲನೆಯವಳು “ಓ, ಹಾಗಾ, ತಿಳಿಸ್ತೀವಿ” ಎಂದು ಇಟ್ಟಳು. ಎರಡನೆಯವರು ಒಳ್ಳೆಯವರು. ತುಂಬ ಹೊತ್ತು ಮಾತಾಡಿ, ಅಮ್ಮನ ಪರೀಕ್ಷೆ ಎಲ್ಲರಿಗಿಂತ ಚೆನ್ನಾಗಿದೆ, ಆದರೆ ನಮ್ಮಲ್ಲಿ ದಿನಾ ಬೆಳಗ್ಗೆ ಫೋನಿನಲ್ಲೇ ಸಭೆ, ಕಷ್ಟವಾಗುತ್ತದೆ ಎಂದರು. ಮೂರನೆಯವನು ನಕ್ಕ. “ಇಷ್ಟು ಚೆನ್ನಾಗಿ ಮಾತಾಡ್ತೀರಲ್ಲ, ಅಮ್ಮನ ಬದಲು ನೀವೇ ಬಂದ್ಬಿಡಿ,” ಎಂದ.

ಇದನ್ನು ನಿನಗೆ ಹೇಗೆ ಬರೆಯಲಿ? ಯಾರೂ ಕರೆಯದಿರುವುದು ವಯಸ್ಸಿನಿಂದ ಎಂದು ನೀನು ತಿಳಿದಿರಬಹುದು ಎಂದುಕೊಂಡೆ. ವಯಸ್ಸಾದರೆ ಎಲ್ಲರಿಗೂ ಆಗುತ್ತದೆ, ಅಷ್ಟು ನೋವಿಲ್ಲ ಎಂದು ಸುಮ್ಮನಾದೆ. ಆಮೇಲೆ ನಿನ್ನ ‘ಇನ್ನು ಹತ್ತು ಅರ್ಜಿ’ಯ ಕಾಗದ ಬಂತು. ಅದು ಜೇಬಿನಲ್ಲಿದ್ದಾಗಲೇ ನಾಲ್ಕನೇ ಫೋನು. ಹೆಸರು ಕೇಳಿ, ನೀವೇನಾ ಎಂದರು. ಹೌದು, ನಾನೇ ಎಂದುಬಿಟ್ಟೆ.

ಅಟ್ಟಣಿಗೆಯ ಮೇಲೆ ಗಾಳಿಗೆ ಬೆನ್ನು ಕೊಟ್ಟು ಇಪ್ಪತ್ತು ನಿಮಿಷ ನೀನಾಗಿದ್ದೆ. ತಪ್ಪು ಹೇಗೆ ಹುಡುಕ್ತೀರಿ ಅಂದರು. ಮೊದಲು ಒಳಮೈ ಹೊರಗೆ ಮಾಡ್ತೀನಿ, ಹೊರಗಿನಿಂದ ಎಲ್ಲ ಅಂಗಿಯೂ ಚೆನ್ನಾಗೇ ಕಾಣುತ್ತೆ ಎಂದೆ. ಹೊಲಿದವರ ಹೆಸರು ಕೇಳಲ್ಲ, ಹೊಲಿಗೆ ಮಾತ್ರ ನೋಡ್ತೀನಿ ಎಂದೆ. ಎಲ್ಲ ನಿನ್ನ ಮಾತುಗಳು, ಚಿಕ್ಕಂದಿನಿಂದ ಕೇಳಿ ಬಾಯಿಪಾಠವಾದವು. ಇಪ್ಪತ್ತೆಂಟು ದಿನದ್ದೊಂದು ಬಾಯಿತಪ್ಪಿ ಬಂತು. ಅದೊಂದೇ ನನ್ನದು. ನಾನು ಸಿಕ್ಕಿಬಿದ್ದದ್ದೂ ಅದರಿಂದಲೇ.

ನೀನು ಗಟ್ಟಿಯಿಲ್ಲ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಬಾಗಿಲು ತೆಗೆಯುವವರ ಮೇಲೆ ನಂಬಿಕೆ ಹೋಗಿತ್ತು. ಆದರೂ ಕ್ಯೂಬು ಬದಲಾಯಿಸಿದ್ದು ನಿಜ. ಆ ಮೇಸ್ತ್ರಿಗೆ ಏನು ಶಿಕ್ಷೆಯೋ ನನಗೂ ಅದೇ.

ಅರ್ಜಿಗಳಲ್ಲಿರುವ ನನ್ನ ನಂಬರ್ ತೆಗೆದುಬಿಡು.

ನಿನ್ನ ಮಗಳು


ಅಕ್ಟೋಬರ್ 1

ಮಗಳೇ,

ಇವತ್ತಿಗೆ ಇಪ್ಪತ್ತೆಂಟು ದಿನ. ನಿನ್ನ ಪದ್ಧತಿಯಂತೆಯೇ ಸಿಟ್ಟನ್ನು ನೀರಿನಲ್ಲಿಟ್ಟಿದ್ದೆ. ತೆಗೆದು ನೋಡಿದರೆ ನಾನು ಎಂದುಕೊಂಡಷ್ಟು ಗಟ್ಟಿಯಾಗಿರಲಿಲ್ಲ.

ಮೂರು ಫೋನುಗಳ ವಿಷಯ ಎರಡು ಸಲ ಓದಿದೆ. ಆ ಒಳ್ಳೆಯವರದ್ದನ್ನು ಮೂರು ಸಲ. ಎಲ್ಲರಿಗಿಂತ ಚೆನ್ನಾಗಿದೆ ಎಂದರಾ? ಅದನ್ನಾದರೂ ಆಗಲೇ ಬರೆಯಬಹುದಿತ್ತು.

ನಿನ್ನ ನಂಬರ್ ತೆಗೆಯಲೆಂದು ನಿನ್ನೆ ಟವೆಲ್ ಸರಿಸಿ ಕಂಪ್ಯೂಟರ್ ತೆರೆದೆ. ನೋಡಿದರೆ ಆ ಕನ್ನಡಕದ ಅಂಗಡಿಯ ಮೇಲಿನ ಕಂಪನಿಯಿಂದ ಮೂರು ಮೇಲ್ ಬಂದು ಕೂತಿವೆ, ಮೊದಲನೆಯದು ಸೆಪ್ಟೆಂಬರ್ 4ರದು. ಬೈದು ಬರೆದಿರಬೇಕು ಎಂದು ಒಂದು ಲೋಟ ನೀರು ಕುಡಿದು ತೆರೆದೆ. ಒಂದು ಫೋಟೋ. ಅವರ ಬಾಗಿಲ ಬಳಿಯ ಪರದೆ. ಪರದೆಯ ತುಂಬ ಕೆಂಪು ಬಾಣಗಳು.

ನಾನು ಅಂಟಿಸಿದ್ದೆ, ಮಗಳೇ. ನೆನಪೇ ಇಲ್ಲ. ಕೈಚೀಲದಲ್ಲಿ ಸ್ಟಿಕ್ಕರಿನ ಸುರುಳಿ ಇದ್ದೇ ಇರುತ್ತದೆ, ಕಣ್ಣಿಗೆ ತಪ್ಪು ಕಂಡರೆ ಕೈ ತಾನಾಗಿ ಹೋಗುತ್ತದೆ. ಬೇರೆಯವರ ಕಚೇರಿ, ಬೇರೆಯವರ ವಸ್ತು. ನಾಚಿಕೆಯಿಂದ ಒಬ್ಬಳೇ ಕೂತಿದ್ದರೂ ಮುಖ ಮುಚ್ಚಿಕೊಂಡೆ.

ಕೆಳಗೆ ಆ ಮುಖ್ಯಸ್ಥೆ ಬರೆದಿದ್ದಳು: “ನೀವು ಹೋದ ಮೇಲೆ ಒಂಬತ್ತು ಬಾಣ ಎಣಿಸಿದೆವು. ಎಂಟರ ಅರ್ಥ ಅದೇ ಮಧ್ಯಾಹ್ನ ಗೊತ್ತಾಯಿತು. ಎಂಟೂ ನಿಜವಾದ ತಪ್ಪು, ಆರು ತಿಂಗಳಿಂದ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಒಂಬತ್ತನೆಯದು ಫೋನ್ ನಂಬರ್ ತುಂಬುವ ಡಬ್ಬಿಯ ಮೇಲಿದೆ. ಅಲ್ಲಿ ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ. ಅದು ಏನೆಂದು ಬಂದು ಹೇಳುತ್ತೀರಾ?”

ಏಳನೇ ತಾರೀಖು ಬರುತ್ತೇನೆ ಎಂದು ಉತ್ತರಿಸಿದ್ದೇನೆ. ಫೋನಿನಲ್ಲಿ ಪಾಸಾದದ್ದು ನನ್ನ ಲೆಕ್ಕಕ್ಕೆ ಬೇಡ, ಮೊದಲ ಸುತ್ತಿನಿಂದ ಶುರುಮಾಡಿ, ಪ್ರಶ್ನೆ ಬರೆದು ಕೊಡಿ ಎಂದೂ ಬರೆದಿದ್ದೇನೆ. ಅಹಂಕಾರ ಅನ್ನಿಸಿತಾ?

ನಿನ್ನ ಅಮ್ಮ


ಅಕ್ಟೋಬರ್ 8

ಮಗಳೇ,

ನಿನ್ನೆಯದನ್ನು ಬಿಸಿ ಆರುವ ಮೊದಲು ಬರೆಯುತ್ತೇನೆ.

ಬಾಣಗಳು ಹಾಗೇ ಇದ್ದವು. ಎಂಟರ ಮೇಲೆ ಯಾರೋ ಪೆನ್ನಿನಿಂದ ಸಣ್ಣ ಗುರುತು ಹಾಕಿದ್ದರು, ಸರಿಮಾಡಿದ್ದೇವೆ ಎಂದು. ಮೊದಲು ಎರಡು ಹಾಳೆ ಪ್ರಶ್ನೆ ಕೊಟ್ಟರು. ಒಂದು ಗಂಟೆ ಬರೆದೆ. ಪೆನ್ನು ಹಿಡಿದು ಬರೆದ ಉತ್ತರ ನೋಡಿ ಎಷ್ಟು ವರ್ಷವಾಯಿತೋ ಎಂಬಂತೆ ಗಡ್ಡದವನು ನನ್ನ ಅಕ್ಷರವನ್ನೇ ನೋಡುತ್ತಿದ್ದ. ಅವನು ಮಾತಾಡಲು ಹೊರಟಾಗೆಲ್ಲ ನಾನು ಕಣ್ಣು ಕಿರಿದು ಮಾಡುತ್ತಿದ್ದೆ. ಕೊನೆಗೆ ಅವನಿಗೇ ಹೊಳೆದು, ಲ್ಯಾಪ್‌ಟಾಪಿನಲ್ಲಿ ಟೈಪು ಮಾಡಿ ನನ್ನ ಕಡೆ ತಿರುಗಿಸಿದ. ಅಲ್ಲಿಂದ ಮುಂದೆ ಪ್ರತಿ ಪ್ರಶ್ನೆಯೂ ಹಾಗೇ.

ಆಮೇಲೆ ಮೂವರೂ ಪರದೆಯ ಮುಂದೆ ನಿಂತೆವು. ಮುಖ್ಯಸ್ಥೆ ಒಂಬತ್ತನೇ ಬಾಣ ತೋರಿಸಿ, “ಇದು?” ಎಂದಳು.

“ಇದನ್ನು ತುಂಬದಿದ್ದರೆ ಮುಂದಿನ ಪುಟಕ್ಕೆ ಬಿಡುವುದಿಲ್ಲ,” ಎಂದೆ.

“ಅದು ಬೇಕಂತಲೇ ಹಾಗೆ ಮಾಡಿರೋದು. ಈಗ ಫೋನ್ ಎಲ್ಲರ ಹತ್ರಾನೂ ಇರುತ್ತಲ್ಲ?”

“ಫೋನು ಎಲ್ಲರ ಹತ್ತಿರ ಇರುತ್ತೆ. ಕಿವಿ ಎಲ್ಲರ ಹತ್ತಿರ ಇರಲ್ಲ,” ಎಂದೆ. “ಆಸ್ಪತ್ರೆಗೆ ಬರೋರಲ್ಲಿ ನನ್ನಂಥವರು ಎಷ್ಟೋ ಜನ. ಮುಂದೆ ಹೋಗಬೇಕಲ್ಲ ಅಂತ ಮಗನದ್ದೋ ಪಕ್ಕದ ಮನೆಯವರದ್ದೋ ನಂಬರ್ ತುಂಬ್ತಾರೆ. ನೀವು ಆ ನಂಬರಿಗೆ ಫೋನ್ ಮಾಡಿ ರೋಗಿ ಜೊತೆ ಮಾತಾಡಿದೆವು ಅಂದ್ಕೊಳ್ತೀರಿ.”

ಇಬ್ಬರೂ ಆ ಡಬ್ಬಿಯ ಹತ್ತಿರ ಬಾಗಿ ನೋಡಿದರು.

“ನನ್ನ ಮಗಳು ಸುಳ್ಳು ಹೇಳಿದ್ದು ತಪ್ಪು. ಅವಳಿಗೆ ಬಾಣ ಅಂಟಿಸಿ ಆಗಿದೆ,” ಎಂದೆ. “ಆದರೆ ಅವಳು ಆ ಫೋನ್ ಎತ್ತುವಂತೆ ಮಾಡಿದ್ದು ನಿಮ್ಮ ಅರ್ಜಿಯಲ್ಲಿದ್ದ ಇಂಥದ್ದೇ ಒಂದು ಡಬ್ಬಿ.”

ಮುಖ್ಯಸ್ಥೆ ಆ ಬಾಣವನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ತನ್ನ ಪುಸ್ತಕದ ಮೇಲೆ ಅಂಟಿಸಿಕೊಂಡಳು. ಗಡ್ಡದವನು ಟೈಪು ಮಾಡಿ ತಿರುಗಿಸಿದ. “ಡಿಸೆಂಬರ್ ಒಂದರಿಂದ ಬರ್ತೀರಾ?” ಎಂದಿತ್ತು. ನಾನು ಅದನ್ನು ಓದಿ, ಅಭ್ಯಾಸದಂತೆ ಅಕ್ಷರ ತಪ್ಪಿದೆಯೇನೋ ಎಂದು ಇನ್ನೊಮ್ಮೆ ಓದಿದೆ. ಎಲ್ಲೂ ತಪ್ಪಿರಲಿಲ್ಲ.

ಮನೆಗೆ ಬಂದು ನಿನ್ನ ದೊಡ್ಡಮ್ಮನಿಗೆ ಹೇಳಿದೆ. ಅವಳು ಸೆರಗಿನಿಂದ ಚೌಕಟ್ಟಿನ ಗಾಜು ಒರೆಸಿ, ಮೊಳೆ ಗಟ್ಟಿಯಾಗಿದೆಯೇ ಎಂದು ಅಲುಗಿಸಿ ನೋಡಿ, ಕೆಳಗೆ ಇಳಿದು ಹೋದಳು. ಸ್ವಲ್ಪ ಹೊತ್ತಿಗೆ ಅಕ್ಕಪಕ್ಕದವರೆಲ್ಲ ಮೆಟ್ಟಿಲು ಹತ್ತಿ ಬಂದರು.

ನಿನ್ನ ಅಮ್ಮ


ಡಿಸೆಂಬರ್ 3

ಮಗಳೇ,

ಕಿಟಕಿಯ ಪಕ್ಕದ ಮೇಜು ಕೊಟ್ಟಿದ್ದಾರೆ. ಬಾಗಿಲಿಗೆ ಎದುರಾಗಿ, ಯಾರು ಬಂದರೂ ಕಾಣುವಂತೆ. ಬೆಳಗಿನ ಸಭೆಯಲ್ಲಿ ಎಲ್ಲರೂ ಹೇಳಿದ್ದನ್ನು ಒಬ್ಬರು ಪರದೆಯ ಮೇಲೆ ಟೈಪು ಮಾಡುತ್ತ ಹೋಗುತ್ತಾರೆ. ಇದರಿಂದ ಸಭೆ ಅರ್ಧಕ್ಕೆ ಇಳಿದಿದೆಯಂತೆ, ಬರೆಯಬೇಕು ಎಂದಾಗ ಜನ ಬೇಡದ್ದನ್ನು ಆಡುವುದಿಲ್ಲ. ನನ್ನ ಮೊದಲ ಕೆಲಸ ಒಂಬತ್ತನೇ ಬಾಣ. ‘ನಿಮ್ಮನ್ನು ಹೇಗೆ ಸಂಪರ್ಕಿಸಬೇಕು?’ ಎಂಬ ಪ್ರಶ್ನೆ ಬಂದಿದೆ, ಫೋನು, ಬರಹ, ಜೊತೆಯವರು ಎಂದು ಮೂರು ದಾರಿ. ನಿನ್ನೆ ಅದರಲ್ಲೂ ಎರಡು ತಪ್ಪು ಹಿಡಿದೆ.

ಗಡ್ಡದವನು ಗಡ್ಡ ತೆಗೆದಿದ್ದಾನೆ. ನನಗೋಸ್ಕರ ಎಂದು ಹೇಳಲಾರೆ. ಆದರೆ ಮೊದಲ ದಿನ ಎದುರಿಗೆ ಬಂದು ನಿಂತು, “ಈಗ ಕಾಣುತ್ತಾ?” ಎಂದ. ಕಂಡಿತು. ಮುಖವೂ ಪರವಾಗಿಲ್ಲ.

ಫ್ಯಾಕ್ಟರಿಯ ಕೊನೆಯ ದಿನ ಕ್ಯಾಮೆರಾದ ಮುಂದೆ ಒಂದು ಒಳ್ಳೆಯ ಅಂಗಿ ಇಟ್ಟೆ. ಸರಿ ಎಂದು ಹಸಿರು ದೀಪ ಹಚ್ಚಿತು. ಜಾಣ ಶಿಷ್ಯ. ನಮ್ಮ ಕಾಲದಲ್ಲಿ ದೀಪವಿರಲಿಲ್ಲ, ಪಾಸಾದ ಪ್ರತಿ ಅಂಗಿಗೂ ಚೆಕ್ ಮಾಡಿದವಳ ನಂಬರಿನ ದುಂಡನೆಯ ಹಸಿರು ಸ್ಟಿಕ್ಕರ್ ಅಂಟಿಸುತ್ತಿದ್ದೆವು. ನನ್ನದು ಹದಿನೇಳು. ಕೊನೆಯ ಸುರುಳಿಯಲ್ಲಿ ಒಂದೇ ಒಂದು ಉಳಿದಿತ್ತು. ಕೆಳಗೆ ನಿನಗಾಗಿ ಅಂಟಿಸಿದ್ದೇನೆ. ಒಳಮೈ ಹೊರಗೆ ಮಾಡಿ ನೋಡಿದ ಮೇಲೆಯೇ.

ನಿನ್ನ ಅಮ್ಮ


ಡಿಸೆಂಬರ್ 14

ಅಮ್ಮಾ,

ಹಸಿರು ಹದಿನೇಳು ನನ್ನ ಹೆಲ್ಮೆಟ್ಟಿನ ಮೇಲಿದೆ. ಏನು ಮೇಡಂ ಇದು ಎಂದು ಕ್ರೇನಿನವರು ಕೇಳಿದರು. ಪಾಸಾಗಿದೀನಿ ಎಂದೆ. “ಯಾವ ಪರೀಕ್ಷೆ?” ಎಂದರು. “ನಮ್ಮಮ್ಮ ಹದಿನಾರು ವರ್ಷ ತಪ್ಪು ಹುಡುಕೋ ಕೆಲಸ ಮಾಡಿದಾರೆ,” ಎಂದೆ. ಅದು ಉತ್ತರವಲ್ಲ, ಆದರೂ ಅವರಿಗೆ ಅರ್ಥವಾಯಿತು.

ನಿನ್ನೆ ಆರನೇ ಮತ್ತು ಏಳನೇ ಕಂಬದ ಮೇಲೆ ತೊಲೆ ಕೂರಿಸಿದರು. ಆರನೆಯದರ ಸ್ವಂತ ಕ್ಯೂಬುಗಳು ಗಟ್ಟಿಯೆಂದು ಹೇಳಿದ್ದವು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ. ಅವನ ಬಗ್ಗೆ ನನಗೆ ಮೊದಲಿನಷ್ಟು ಕೋಪವಿಲ್ಲ.

ತೊಲೆ ಇಳಿದು ಕೂತ ಮೇಲೆ ಫೋನ್ ಬಂತು. ನೀನು ಜೂನಿನಲ್ಲಿ ಹಾಕಿದ ಯಾವುದೋ ಅರ್ಜಿ, ಇನ್ನೂ ನನ್ನ ನಂಬರಿನಲ್ಲೇ ಇದ್ದದ್ದು. ದೊಡ್ಡ ಕಂಪನಿ. ಟೆಸ್ಟಿಂಗ್ ಕೆಲಸಕ್ಕೆ ಎಂದು ಹೇಳಿ, ನಿನ್ನ ಹೆಸರು ಹೇಳಿ, “ನೀವೇನಾ ಮಾತಾಡ್ತಿರೋದು?” ಎಂದರು.

ಅಟ್ಟಣಿಗೆಯ ಅದೇ ಮೂಲೆ, ಅದೇ ಗಾಳಿ. ಕ್ರೇನಿನವರು ಎಂಜಿನ್ ನಿಲ್ಲಿಸಿ ಕೇಳುತ್ತಿದ್ದರು.

“ಅಲ್ಲ, ನಾನು ಅವರ ಮಗಳು,” ಎಂದೆ. “ಅವರು ಕೆಲಸದಲ್ಲಿದಾರೆ. ಏನಿದ್ರೂ ಬರೆದು ಕೇಳಿ.”

ನಿನ್ನ ಮಗಳು